ಬಾಲ ಕತ್ತರಿಸಿದ ಕ್ಯಾಸೆಟ್ಟುಗಳು

೧೯೮೮ರಲ್ಲಿ, ಎಂಟನೆಯ ಇಯತ್ತೆ ಅರ್ಧಕ್ಕೆ ಬಂದಿದ್ದಾಗ, ನಾನು ಓದು ಬಿಟ್ಟೆ. ಬಿಡಿಸಿದವರು ಯಾರೂ ಇಲ್ಲ. ಮುಂಬಯಿ ಬಳಿಯ ಡೊಂಬಿವಲಿಯಲ್ಲಿ ಬಣ್ಣದ ಕಾರ್ಖಾನೆಯೊಂದರಲ್ಲಿದ್ದ ನನ್ನ ಕಾಕಾ ದೀಪಾವಳಿಗೆ ಊರಿಗೆ ಬಂದಿದ್ದ. ಅವನು ತಿರುಗಿ ಹೋಗುವಾಗ ಟ್ರಂಕು ಹೊತ್ತು ವಿಜಾಪುರ ಸ್ಟೇಶನ್ನಿಗೆ ಬಿಡಲು ಹೋದವನು, ನಾನೂ ಗಾಡಿ ಹತ್ತಿಬಿಟ್ಟೆ. ಸೊಲ್ಲಾಪುರ ಬರುವ ತನಕ ಕಾಕಾ ಬೈದ. ದಾಟಿದ ಮೇಲೆ ಚೂಡಾದ ಪೊಟ್ಟಣ ಬಿಚ್ಚಿ ಕೊಟ್ಟ. ಅಲ್ಲಿಂದ ಈಚೆಗೆ ನಾನು ಯಾರ ಮುಂದೆಯೂ ಕೈಯೊಡ್ಡಿದವನಲ್ಲ. ಠಾಣೆ ಪಟ್ಟಣದಲ್ಲಿ ಮಂಟಪ ಹಾಕುವವರ ಹತ್ತಿರ ಬಿದಿರು ಹೊತ್ತೆ. ಕಳಂಬೋಲಿಯ ಕಬ್ಬಿಣದ ಪೇಟೆಯಲ್ಲಿ ತಗಡಿನ ಪತ್ರಾ ಹೊತ್ತೆ. ಬೇರೆಯವರ ಟೆಂಪೋ ಓಡಿಸಿ, ಆಮೇಲೆ ನನ್ನದೇ ಟೆಂಪೋ ಮಾಡಿಕೊಂಡೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದನ್ನು ಓದಿದವರು ಇವನ್ಯಾರೋ ಕೆಲಸವಿಲ್ಲದೆ ಹಾಡಿನ ಹುಚ್ಚು ಹಚ್ಚಿಕೊಂಡವನು ಎಂದುಕೊಳ್ಳಬಾರದು. ಹುಚ್ಚು ಹತ್ತಿದ್ದು ಖರೆ. ಕೆಲಸ ಒಂದು ದಿನವೂ ತಪ್ಪಿಸಿಲ್ಲ.

ಹತ್ತಿದ್ದು ಠಾಣೆಯ ವರ್ತಕ ನಗರದಲ್ಲಿ. ನಾನಿನ್ನೂ ಮಂಟಪದ ಕೆಲಸದಲ್ಲಿದ್ದೆ, ಮದುವೆ ಆಗಿರಲಿಲ್ಲ. ಅಲ್ಲಿಯ ಕನ್ನಡದವರು ಮೈದಾನದಲ್ಲಿ ಒಂದು ಸಂಜೆಯ ಕಾರ್ಯಕ್ರಮ ಇಟ್ಟುಕೊಂಡಿದ್ದರು. ಹಾಡಲು ಬಂದವರು ಗದಗಿನ ಕಡೆಯ ಒಬ್ಬ ಹೆಂಗಸು. ತತ್ವಪದದವರು. ಅವರ ಹೆಸರು ಬರೆಯುವುದಿಲ್ಲ. ಕೇಳುವವರೆಲ್ಲ ಅವರನ್ನು ಅವ್ವಾರು ಎನ್ನುತ್ತಿದ್ದರು, ನಾನೂ ಹಾಗೇ ಬರೆಯುತ್ತೇನೆ. ಕಾರ್ಯಕ್ರಮ ಮುಗಿದ ಕೂಡಲೇ ಎಲ್ಲ ಬಿಚ್ಚಿ ಲಾರಿಗೆ ಹೇರಬೇಕಾದ್ದರಿಂದ ನಾವು ನಾಲ್ಕು ಜನ ವೇದಿಕೆಯ ಹಿಂದೆ, ಹಿಂಬದಿಯ ಬಟ್ಟೆಗೆ ಬೆನ್ನು ಹಚ್ಚಿ ಕೂತಿದ್ದೆವು. ಉಳಿದ ಮೂವರಿಗೆ ಕನ್ನಡ ಬರುತ್ತಿರಲಿಲ್ಲ. ಅವರು ಇಸ್ಪೀಟೆಲೆ ಆಡುತ್ತಿದ್ದರು.

ಕೊನೆಗೆ ಅವ್ವಾರು ಒಂದು ಪದ ಎತ್ತಿಕೊಂಡರು. ನನ್ನೂರಿನ ಭಜನೆಯಲ್ಲೂ ಹಾಡುವಂಥದೇ, ಮೈಯನ್ನು ಬಾಡಿಗೆಯ ಮನೆಗೆ ಹೋಲಿಸುವ ಪದ. ಮೂರು ನುಡಿ ಮುಗಿಯಿತು. ನಾಲ್ಕನೆಯದು ಅಂಕಿತದ ನುಡಿ. ಅಷ್ಟರಲ್ಲಿ ಪೇಟಿ ನಿಂತಿತು, ತಬಲಾ ನಿಂತಿತು. ಮುಂದೆ ಕೂತವರಲ್ಲಿ ಏನೋ ಗುಜುಗುಜು. ಮೈಕು ಕೆಟ್ಟಿತು ಎಂದುಕೊಂಡೆ. ಆಮೇಲೆ ಬರೀ ಧ್ವನಿ ಬಂತು. ಮೈದಾನದ ಕಟ್ಟಕಡೆಯವರಿಗೆ ಅದು ಕೇಳಿಸಿತೋ ಇಲ್ಲವೋ. ನನಗೂ ಅವರಿಗೂ ನಡುವೆ ಒಂದು ಬಟ್ಟೆ ಮಾತ್ರ ಇತ್ತು. ಅಷ್ಟು ಹೊತ್ತು ಎತ್ತರದಲ್ಲಿ ಹಾಡಿದವರು ಈಗ ಧ್ವನಿಯನ್ನು ಪೂರಾ ಕೆಳಗೆ ಇಳಿಸಿ, ಪಕ್ಕದ ಮನೆಯಾಕೆಗೆ ಬೀಗದ ಕೈ ಕೊಟ್ಟು ಹೋಗುವವರ ಹಾಗೆ ಆ ನುಡಿ ಹೇಳಿದರು. ಹೌದು, ಹೇಳಿದರು ಅಂತಲೇ ಅನ್ನಬೇಕು. ರಾಗ ಒಳಗೆಲ್ಲೋ ಇತ್ತು. ಎಲೆ ಹಾಕುತ್ತಿದ್ದವನು ಹಾಕುವ ಕೈ ತಡೆದು ಕೂತ. "ಕ್ಯಾ ಬೋಲ್ ರಹೀ ಹೈ ಮಾಯಿ?" ಎಂದು ಕೇಳಿದ. ನಾನು ಬಟ್ಟೆಗೆ ಕಿವಿ ಹಚ್ಚಿದೆ.

ಇಷ್ಟೇ. ಮುಂದಿನ ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ನನಗೆ ಬೇಕಾಗಿದ್ದದ್ದು ಆ ಒಂದು ನುಡಿಯನ್ನು ಅವರ ಬಾಯಲ್ಲಿ ಇನ್ನೊಮ್ಮೆ ಕೇಳುವುದು.

ಅವ್ವಾರದು ಅಂಗಡಿಗೆ ಬಂದದ್ದು ಎರಡೇ ಕ್ಯಾಸೆಟ್ಟು. ಕಲ್ಯಾಣ ಸ್ಟೇಶನ್ನಿನ ಹೊರಗಿನ ಅಂಗಡಿಯಲ್ಲಿ ಹೇಳಿ ತರಿಸಿಕೊಂಡೆ. ಎರಡನೆಯದರ ಹಿಂಬದಿಯಲ್ಲಿ ಆ ಪದ ಇತ್ತು. ಮೂರು ನುಡಿ ಆಗುತ್ತಿದ್ದ ಹಾಗೆ ಧ್ವನಿ ಸಣ್ಣಗಾಗುತ್ತ ಹೋಗಿ ಮಾಯವಾಯಿತು. ಕ್ಯಾಸೆಟ್ಟಿನಲ್ಲಿ ಜಾಗ ಸಾಲದೆ ಕಂಪನಿಯವರು ಕತ್ತರಿಸಿದ್ದಾರೆ ಎಂದು ಬೈದುಕೊಂಡೆ. ಮದುವೆಯಾದ ಮೇಲೆ ನನ್ನ ಹೆಂಡತಿಗೂ ಆ ಕ್ಯಾಸೆಟ್ಟು ಹಿಡಿಸಿತು. ಅವಳು ರೊಟ್ಟಿ ಬಡಿಯುತ್ತ ಅದೇ ಪದ ಹಾಡುವಳು, ಮೂರು ನುಡಿಯಾದ ಮೇಲೆ ಕ್ಯಾಸೆಟ್ಟಿನ ಹಾಗೇ ತಾನೂ ಸಣ್ಣಗೆ ಮಾಡಿ ನಿಲ್ಲಿಸುವಳು.

"ನಾಕನೇದೂ ಹಾಡು," ಅಂದೆ ಒಮ್ಮೆ.

"ಯಾಕ, ಮೂರರಾಗ ಹೊಟ್ಟಿ ತುಂಬಂಗಿಲ್ಲೇನು ನಿಮಗ?"

"ಖರೇ ಹಾಡು ಇರೂದ ನಾಕನೇದರಾಗ."

"ಭಜನಿ ಪುಸ್ತಕದಾಗ ಐತಿ, ಓದ್ರಿ ಮತ್ತ."

"ಪುಸ್ತಕ ಹಾಡ್ತೈತೇನ?"

"ನೀವ ಹಾಡ್ರಿ. ನಾ ಕಿವಿ ಮುಚ್ಚಿಕೊಂಡು ರೊಟ್ಟಿ ಮಾಡ್ತೀನಿ."

ಡೊಂಬಿವಲಿಯ ಕಾರ್ಖಾನೆ ಪ್ರದೇಶವಾದ ಎಂಐಡಿಸಿಯ ವಸತಿ ಭಾಗಕ್ಕೆ ಒಂದು ಕಬ್ಬಿಣದ ಕಪಾಟು ಇಳಿಸಲು ಹೋಗಿದ್ದೆ. ಹೊಸ ಟೆಂಪೋ ಬಂದ ವರ್ಷ. ಎರಡನೆಯ ಮಹಡಿಯ ಮನೆ. ಮನೆಯವರು ಧಾರವಾಡದ ಕಡೆಯವರು, ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಿಂದ ನಿವೃತ್ತರಾದವರು. ನಾನು ಅವರನ್ನು ಸಾಹೇಬರು ಎಂದೇ ಕರೆದೆ, ಕೊನೆಯ ತನಕ. ಕಪಾಟು ತಂದದ್ದು ಕ್ಯಾಸೆಟ್ಟು ಇಡಲಿಕ್ಕೆಂದು ಒಳಗೆ ಹೋದ ಮೇಲೆ ತಿಳಿಯಿತು. ಹಾಲಿನಲ್ಲಿ ಅವ್ವಾರ ಧ್ವನಿ ನಡೆದಿತ್ತು. ನನ್ನ ಹತ್ತಿರ ಇರುವ ಎರಡರಲ್ಲೂ ಇಲ್ಲದ್ದು.

"ಇದು ಅಂಗಡ್ಯಾಗ ಸಿಗೂದಿಲ್ಲಪಾ," ಎಂದರು ಸಾಹೇಬರು, ನಾನು ಬಾಗಿಲಲ್ಲಿ ನಿಂತದ್ದು ನೋಡಿ. "ಸೊಲ್ಲಾಪುರದಾಗ ಒಬ್ಬರ ಮನ್ಯಾಗ ಹಾಡಿದ್ದು. ನಾನ ರೆಕಾರ್ಡ್ ಮಾಡೀನಿ."

"ಸಾಹೇಬ್ರ, ಆ ಬಾಡಿಗಿ ಮನೀ ಪದದ್ದು ಕಡೀ ನುಡಿ ಐತೇನ್ರಿ ನಿಮ್ಮ ಹತ್ರ?"

ಸೋಫಾದ ಮೇಲೆ ಇನ್ನೂ ಮೂರು ನಾಲ್ಕು ಜನ ಕೂತಿದ್ದರು. ಎಲ್ಲರೂ ನಕ್ಕರು. "ಬಂದ ದಿನಾನ ಬಾಲಕ್ಕ ಕೈ ಹಾಕಿದ ನೋಡ್ರಿ ಇಂವಾ!" ಎಂದು ಒಬ್ಬರು ಅಂದರು.

ಬಾಲದ ವಿಷಯ ಸಾಹೇಬರೇ ತಿಳಿಸಿ ಹೇಳಿದರು. ಇವರೆಲ್ಲ ಬಿಡುಗಡೆಯಾಗದ ಹಾಡು ಕೂಡಿಸುವವರು. ಮನೆಯ ಬೈಠಕ್ಕು, ಮಠದ ಜಾತ್ರೆ, ತಾಲೀಮು, ಎಲ್ಲಿ ಯಾರು ರೆಕಾರ್ಡ್ ಮಾಡಿಕೊಂಡಿದ್ದರೂ ಹುಡುಕಿ ತರುವವರು. ಒಬ್ಬರು ಇನ್ನೊಬ್ಬರಿಗೆ ಪ್ರತಿ ಮಾಡಿ ಕೊಡುವಾಗ ಪೂರಾ ಕೊಡುವುದಿಲ್ಲ. ಕೊನೆಯ ಒಂದಿಷ್ಟನ್ನು ಬಿಟ್ಟು ಕೊಡುತ್ತಾರೆ. ಆ ಬಿಟ್ಟದ್ದು ಬಾಲ. ಬಾಲ ಯಾರ ಹತ್ತಿರ ಇದೆಯೋ ಅವನೇ ಆ ಹಾಡಿನ ಮಾಲಕ. ನಾಳೆ ಯಾರಾದರೂ ಅದೇ ರೆಕಾರ್ಡಿಂಗ್ ತನ್ನದೆಂದು ಹೇಳಿಕೊಂಡು ತಿರುಗಿದರೆ "ಬಾಲ ತೋರಿಸು" ಎಂದರಾಯಿತು.

"ಬಾಲ ಬೇಕಾದ್ರ?"

"ಯಾರ ಹತ್ರಾನೂ ಇರಲಾರದ್ದು ಏನಾರ ತಗೊಂಡ ಬಾ. ಆಮ್ಯಾಲ ನೋಡೋಣು."

ಸರಿ, ನನಗೂ ದುಡಿದು ಗಳಿಸುವುದೇ ಗೊತ್ತಿದ್ದದ್ದು. ಕಳಂಬೋಲಿಗೆ ಹುಬ್ಬಳ್ಳಿ, ಗದಗ, ಕೊಪ್ಪಳದ ಕಡೆಯಿಂದ ಲಾರಿಗಳು ಬರುತ್ತವೆ. ಡ್ರೈವರುಗಳೆಲ್ಲ ನನ್ನ ಗುರುತಿನವರು. ಹಳ್ಳಿಗಳ ಮೈಕ್ ಸೆಟ್ಟಿನವರ ಹತ್ತಿರ, ಪೇಟಿ ಬಾರಿಸುವವರ ಮನೆಗಳಲ್ಲಿ ಹಳೆಯ ಕ್ಯಾಸೆಟ್ಟು ಇದ್ದರೆ ಕೇಳಿ ತರಲು ಹೇಳಿದೆ. ಮೊದಮೊದಲು ನಕ್ಕರು. "ಸೇಠ್, ಹೊಸಾ ಹುಡಿಗ್ಯಾರದ ಹಾಡ ತರತೀನಿ, ಈ ಮುದುಕೀದ ಯಾಕ?" ಎಂದರು. ಆಮೇಲೆ ತಂದರು. ಅವ್ವಾರು ಬೆಳಗಿನಲ್ಲಿ ಸಾಧನೆ ಮಾಡಿದ್ದು ಬಂತು. ಯಾರದೋ ತೊಟ್ಟಿಲ ಕಾರ್ಯದಲ್ಲಿ ಹಾಡಿದ್ದು ಬಂತು. ಒಂದರಲ್ಲಿ ಹಾಡೇ ಇಲ್ಲ, ಶಿಷ್ಯಳೊಬ್ಬಳಿಗೆ "ಹಸಿದಾಗ ಹಾಡಬ್ಯಾಡವಾ, ಹಸಿವಿನ ಮ್ಯಾಲ ಲಕ್ಷ್ಯ ಹೋಗ್ತದ, ಹಾಡಿನ ಮ್ಯಾಲ ಇರಂಗಿಲ್ಲ" ಎಂದು ಬುದ್ಧಿ ಹೇಳುತ್ತಿದ್ದಾರೆ. ಜಾತ್ರೆಯ ಎರಡು ಕ್ಯಾಸೆಟ್ಟುಗಳಲ್ಲಿ ಬಾಡಿಗೆಯ ಮನೆಯ ಪದವೂ ಇತ್ತು. ಎರಡೂ ಮೂರನೆಯ ನುಡಿಗೆ ತುಂಡಾಗಿದ್ದವು. ಮೈಕಿನವನೂ ಜಾಣ, ಅವನೂ ಬಾಲ ಇಟ್ಟುಕೊಂಡಿದ್ದಾನೆ ಎಂದುಕೊಂಡೆ.

ಇವನ್ನೆಲ್ಲ ಹಿಡಿದು ಪ್ರತಿ ರವಿವಾರ ಡೊಂಬಿವಲಿಗೆ ಹೋದೆ. ನನ್ನ ಕುರ್ಚಿ ಬಾಗಿಲಿಗೆ ಹತ್ತಿರ. ಅವರಿಗೆಲ್ಲ ನಾನು ರೀ ಹಚ್ಚಿ ಮಾತಾಡಿದರೆ ಅವರು ನನಗೆ ಏಕವಚನ. ನಮ್ಮ ಪೇಟೆಯಲ್ಲಿ ಹಾಗೆ ಕರೆದವನಿಗೆ ನಾನು ಮಾಲು ಹೇರಿಕೊಡುವುದಿಲ್ಲ. ಅಲ್ಲಿ ಮಾತ್ರ ಕೇಳಿಸಿಕೊಂಡೆ. ತಂದದ್ದನ್ನು ಸಾಹೇಬರು ಎರಡು ಬಾಯಿಯ ಟೇಪಿನಲ್ಲಿ ಹಾಕಿ ಪ್ರತಿ ಮಾಡಿಕೊಳ್ಳುವರು. ನನಗೂ ಅವರದೊಂದು ಪ್ರತಿ ಸಿಗುವುದು, ಬಾಲ ಬಿಟ್ಟು. "ಮುಂದಿನ ಸಲ," ಎನ್ನುವರು.

ಸುಳ್ಳು ಯಾಕೆ ಹೇಳಲಿ, ಮೊದಲ ಕೆಲವು ವರ್ಷ ಬಹಳ ಸುಖ ಪಟ್ಟೆ. ಶಿಳಫಾಟಾದ ಟ್ರಾಫಿಕ್ಕಿನಲ್ಲಿ ಹಿಂದೊಂದು ಟ್ರೇಲರ್, ಮುಂದೊಂದು ಟ್ರೇಲರ್, ನಡುವೆ ನನ್ನ ಟೆಂಪೋ ಸಿಕ್ಕಿಕೊಂಡಿರುತ್ತಿತ್ತು. ಒಳಗೆ ಅವ್ವಾರು ಹಾಡುವರು. ಅದೇ ಪದ ಗುಲಬರ್ಗಾದಲ್ಲಿ ಒಂದು ಥರ, ಸೊಲ್ಲಾಪುರದಲ್ಲಿ ಒಂದು ಥರ. ಒಂದರಲ್ಲಿ ಅವರಿಗೆ ನೆಗಡಿ. ನೆಗಡಿಯಲ್ಲಿ ಎತ್ತರಕ್ಕೆ ಹೋಗಲಾರದೆ ಬೇರೆ ದಾರಿಯಿಂದ ಸುತ್ತಿ ಬರುತ್ತಾರೆ, ಆ ಸುತ್ತುದಾರಿ ನೇರ ದಾರಿಗಿಂತ ಚೆಂದ. ಇದು ಅಂಗಡಿಯ ಕ್ಯಾಸೆಟ್ಟಿನಲ್ಲಿ ಎಲ್ಲಿ ಸಿಗಬೇಕು? ಅಲ್ಲಿ ಅವರು ಸೀರೆ ಉಟ್ಟು ಫೋಟೋಕ್ಕೆ ನಿಂತ ಹಾಗೆ ಹಾಡಿದ್ದಾರೆ. ಇವುಗಳಲ್ಲಿ ಅಡುಗೆಮನೆಯಲ್ಲಿ ಸಿಕ್ಕ ಹಾಗೆ ಸಿಗುತ್ತಾರೆ. ಅವರು ಉಸಿರು ತೆಗೆದುಕೊಳ್ಳುವುದರ ಮೇಲಿಂದ ಇದು ಊಟಕ್ಕೆ ಮುಂಚಿನದೋ ಆಮೇಲಿನದೋ ಹೇಳುವಷ್ಟು ನಾನು ಅವರನ್ನು ಬಲ್ಲವನಾದೆ. ಬಲ್ಲೆ ಎಂದುಕೊಂಡೆ.

ಕಹಿ ಸುರುವಾದದ್ದು ಯಾವಾಗ ಎಂದು ದಿನ ಹಿಡಿದು ಹೇಳಲಾರೆ. ಒಂದು ದಿನ ಮುಂಬ್ರಾ ಬೈಪಾಸಿನಲ್ಲಿ ಹೋಗುತ್ತಿದ್ದಾಗ ಗೊತ್ತಾಯಿತು, ಹಾಡು ಸುರುವಾದ ಕೂಡಲೇ ನನ್ನ ಕಿವಿ ಅದು ತುಂಡಾಗುವ ಜಾಗದಲ್ಲಿ ಹೋಗಿ ಕೂತುಬಿಡುತ್ತಿದೆ. ಮೊದಲ ನುಡಿಯಲ್ಲಿ ಅವರು ಏನು ಮಾಡಿದರು ಎಂಬುದು ತಲೆಗೆ ಹೋಗುವುದಿಲ್ಲ. ಮೂರನೆಯ ನುಡಿಯ ಕೊನೆಯ ಅಕ್ಷರ ಮುಗಿದು ಟಕ್ ಎಂದು ಖಾಲಿ ಟೇಪಿನ ಸುಯ್ಯೆನ್ನುವ ಸದ್ದು ಬರುತ್ತದಲ್ಲ, ಅದಕ್ಕೇ ಕಾಯುತ್ತ ಇರುತ್ತೇನೆ, ಹೊಡೆತ ಬೀಳುವುದಕ್ಕೆ ಕಾಯುವವನ ಹಾಗೆ. ಮನೆಯಲ್ಲಿ ಹೆಂಡತಿ ಅದೇ ಹಳೆಯ ಕ್ಯಾಸೆಟ್ಟನ್ನು ಹಾಕಿಕೊಂಡು ಸಮಾಧಾನವಾಗಿ ಇರುತ್ತಿದ್ದಳು. ನನಗೆ ಅದನ್ನು ಕೇಳಿದರೆ ಸಿಟ್ಟು. ನನ್ನ ಹತ್ತಿರ ನೂರಾರು ಇದ್ದವು, ಅವಳ ಹತ್ತಿರ ಎರಡು. ಹಾಡು ಅವಳ ಹತ್ತಿರ ಇತ್ತು.

ಅದೇ ಹೊತ್ತಿನಲ್ಲಿ ಅವ್ವಾರು ಕಲ್ಯಾಣಕ್ಕೆ ಬಂದರು. ನಮ್ಮ ಮನೆಯಿಂದ ನಡೆದು ಹೋಗುವ ದೂರದ ಸಭಾಗೃಹ. ರವಿವಾರ ಮುಂಜಾನೆಯ ಕಾರ್ಯಕ್ರಮ, ಪಾಸು ಬೇಡ, ಏನೂ ಬೇಡ. ಆದರೆ ಹಿಂದಿನ ವಾರ ಸಾಹೇಬರು ಮಾತು ಕೊಟ್ಟಿದ್ದರು. "ಈ ರವಿವಾರ ಬಾ. ಸೊಲ್ಲಾಪುರದ್ದು ಮೂಲ ತಗೀತೀನಿ. ಬಾಲ ಕೇಳಿ ಹೋಗು." ಏಳು ವರ್ಷದಲ್ಲಿ ಮೊದಲ ಸಲ ಆ ಮಾತು ಬಂದಿತ್ತು. ನಾನು ಫೋನು ಮಾಡಿ, ಅವ್ವಾರು ಬರುತ್ತಿದ್ದಾರಲ್ಲ, ಮುಂದಿನ ವಾರ ಬರಲೇ ಎಂದು ಕೇಳಿದೆ.

"ಮುಂದಿನ ವಾರ ನಾ ಪುಣೇಕ್ಕ ಮಗಳ ಮನೀಗೆ ಹೋಗ್ತೀನಿ. ನೋಡಪಾ, ನಿನ್ನ ಮರ್ಜಿ. ಕಲ್ಯಾಣದ್ದು ಯಾರಾರ ರೆಕಾರ್ಡ್ ಮಾಡೇ ಮಾಡತಾರ, ಅದು ಎಲ್ಲಿ ಹೋಗ್ತದ?"

ನಮ್ಮ ಮಂದಿಯ ಮಾತೇ ಅದು. ಯಾರಾದರೂ ರೆಕಾರ್ಡ್ ಮಾಡಿರುತ್ತಾರೆ. ನಾನು ಡೊಂಬಿವಲಿಯ ಲೋಕಲ್ ರೈಲು ಹತ್ತಿದೆ. ಹೆಂಡತಿ ಬಾಜೂದ ಹೆಂಗಸರ ಜೊತೆ ಸಭಾಗೃಹಕ್ಕೆ ಹೋದಳು. ಇತ್ತ ಸಾಹೇಬರ ಮನೆಯಲ್ಲಿ ಯಾರೋ ಬೆಂಗಳೂರಿನ ಅತಿಥಿಗಳು ಕೂತಿದ್ದರು. ಅವರ ಎದುರಿಗೆ ಮೂಲ ತೆಗೆಯುವುದು ಬೇಡ ಎಂದು ಸಾಹೇಬರು ಕಣ್ಸನ್ನೆ ಮಾಡಿದರು. ಉಪ್ಪಿಟ್ಟು ತಿಂದು ಬಂದೆ. ಮಧ್ಯಾಹ್ನ ಹೆಂಡತಿ ಬಂದಳು, ಕಣ್ಣು ಕೆಂಪಾಗಿದ್ದವು. ಬಂದವಳು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಏನೇನೋ ಹೇಳಿದಳು. ನಾನು ಅಂದು ತಂದ ಪ್ರತಿಗೆ ಚೀಟಿ ಅಂಟಿಸುತ್ತಿದ್ದೆ. ಹ್ಞೂಂ ಎಂದೆ.

ಅವ್ವಾರು ಆಮೇಲೆ ಈ ಕಡೆ ಬರಲಿಲ್ಲ. ಎರಡು ವರ್ಷಕ್ಕೆ ತೀರಿಕೊಂಡರು. ಸುದ್ದಿಯನ್ನು ಲಾರಿ ಡ್ರೈವರೊಬ್ಬ ಕಳಂಬೋಲಿಯಲ್ಲಿ ಡೀಸೆಲ್ ಹಾಕಿಸುತ್ತ ಹೇಳಿದ. ಆ ವಾರ ಡೊಂಬಿವಲಿಯಲ್ಲಿ ಎಲ್ಲರೂ ಒಂದು ನಿಮಿಷ ಮೌನವಾಗಿ ಎದ್ದು ನಿಂತರು. ಕೂತ ಮೇಲೆ ಒಬ್ಬರು ಅಂದರು, "ಇನ್ನ ಇರೋದಕ್ಕ ಕಿಮ್ಮತ್ತು ಬಂತು." ನಾನು ಅವತ್ತೇ ಎದ್ದು ಬರಬೇಕಿತ್ತು. ಬರಲಿಲ್ಲ, ಯಾಕೆಂದರೆ ಆ ನುಡಿ ಈಗ ಆ ಮನೆಯ ಕಪಾಟಿನ ಹೊರಗೆ ಎಲ್ಲೂ ಇರಲಿಲ್ಲ.

ಹೋದ ವರ್ಷ ಸಾಹೇಬರು ಪುಣೆಯ ಮಗಳ ಮನೆಗೆ ಕಾಯಂ ಹೋಗುವುದೆಂದಾಯಿತು. ಅವರ ಹೆಂಡತಿ ತೀರಿ ಬಹಳ ದಿನವಾಗಿತ್ತು, ಮೊಣಕಾಲು ಎರಡನೆಯ ಮಹಡಿ ಹತ್ತುತ್ತಿರಲಿಲ್ಲ. ಬೈಠಕ್ಕಿನ ಉಳಿದವರು ಒಬ್ಬೊಬ್ಬರಾಗಿ ಬಿಟ್ಟಿದ್ದರು. ಎಲ್ಲ ಮೊಬೈಲಿನಲ್ಲಿ ಸಿಗುವಾಗ ಯಾರು ಬರುತ್ತಾರೆ. ನಾನೊಬ್ಬ ಹೋಗುತ್ತಿದ್ದೆ. ಫೋನು ಮಾಡಿದರು: "ಟೆಂಪೋ ತಗೊಂಡ ಬಾ. ಕಪಾಟ ಸಮೇತ ಒಳಗಿಂದೆಲ್ಲಾ ನಿನಗ. ಮಗಳ ಮನ್ಯಾಗ ಜಾಗಾ ಇಲ್ಲ."

ಹೋದೆ. ಕ್ಯಾಸೆಟ್ಟು ತುಂಬಿದ ರಟ್ಟಿನ ಖೋಕಾಗಳನ್ನೆಲ್ಲ ನಾನೇ ಇಳಿಸಿದೆ. ಸಾಹೇಬರು ಖಾಲಿ ಹಾಲಿನಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ನೋಡಿದರು. ಬಾಡಿಗೆ ತೆಗೆದುಕೋ ಎಂದರು, ಮುಟ್ಟಲಿಲ್ಲ. ಹೊರಡುವಾಗ ಏನೋ ಹೇಳಲು ಬಾಯಿ ತೆರೆದು, "ಹುಷಾರಿ, ಬಿಸಲಾಗ ಇಡಬ್ಯಾಡ," ಎಂದಷ್ಟೇ ಹೇಳಿದರು. ಕಲ್ಯಾಣದ ಮನೆಗೆ ಬಂದು ಸ್ನಾನ ಮಾಡಿದೆ. ಹೆಂಡತಿಯನ್ನು ಕರೆದು ಕೂಡಿಸಿದೆ. ಮಗಳು ಐರೋಲಿಯಲ್ಲಿ ಒಂದು ಕಂಪನಿಯಲ್ಲಿ ಕೆಲಸ ಮಾಡುತ್ತಾಳೆ, ಅಂದು ರಜೆ. ಅವಳೂ ಬಂದು ಕೂತಳು. ಸೊಲ್ಲಾಪುರದ ಮೂಲ ಹಾಕಿದೆ. ಒಂದನೆಯ ನುಡಿ, ಎರಡನೆಯದು, ಮೂರನೆಯದು. ಇಪ್ಪತ್ತು ವರ್ಷ ಟಕ್ ಎಂದು ಮುರಿಯುತ್ತಿದ್ದ ಜಾಗ ಬಂತು, ದಾಟಿತು. ಪೇಟಿ ನಿಂತಿತು, ತಬಲಾ ನಿಂತಿತು.

ಅವ್ವಾರ ಧ್ವನಿ ಬಂತು. ಹಾಡುವ ಧ್ವನಿಯಲ್ಲ, ಮಾತಿನದು.

"ಅಣ್ಣಾ, ಆ ಮಷಿನ್ ಬಂದ್ ಮಾಡ್ರಿ. ಇಷ್ಟೊತ್ತನ ತಗೊಂಡ್ರೆಲ್ಲ, ಸಾಕು. ಇದು ಡಬ್ಬ್ಯಾಗ ಹಾಕೂದಲ್ಲ, ಕುಂತ ಕೇಳೂದು."

ಯಾರೋ ನಕ್ಕರು. ಟಕ್. ಮುಂದೆ ಖಾಲಿ ಟೇಪು.

ನಾನು ಇನ್ನೊಂದು ಹಾಕಿದೆ. ಗುಲಬರ್ಗಾದ್ದು. "ಹ್ಞಾಂ, ಮಷಿನ್ನಿನವರು ಕೈ ಮ್ಯಾಲೆತ್ರಿ ನೋಡೋಣು. ಬಂದ್ ಮಾಡ್ರಿ." ಟಕ್. ಇನ್ನೊಂದು. "ತಂಗೀ, ಆ ಕೆಂಪ ದೀಪಾ ಆರಸವಾ." ಟಕ್. ಮಗಳು ನಗಲಿಕ್ಕೆ ಹತ್ತಿದಳು. ಅವಳಿಗೆ ಕನ್ನಡ ತಿಳಿಯುತ್ತದೆ, ಮಾತು ಹಿಂದಿಯಲ್ಲೇ. "ಪಪ್ಪಾ, ಯೇ ತೋ ಹರ್ ಬಾರ್ ಮನಾ ಕರ್ ರಹೀ ಹೈ!" ಎಂದಳು, ಪ್ರತಿ ಸಲವೂ ಬೇಡವೆನ್ನುತ್ತಿದ್ದಾರಲ್ಲ ಎಂದು. ನನ್ನ ಮುಖ ನೋಡಿ ಮುಂದಿನ ಕ್ಯಾಸೆಟ್ಟು ಎತ್ತಿ ಕೊಟ್ಟಳು.

ಮೂಲಗಳನ್ನೆಲ್ಲ ಹಾಕಿದೆ. ಊಟ ಮಾಡಲಿಲ್ಲ. ಇಷ್ಟು ವರ್ಷ ಸಾಹೇಬರು ನನ್ನಿಂದ ಬಚ್ಚಿಟ್ಟದ್ದು ಕೊನೆಯ ನುಡಿಯನ್ನಲ್ಲ, ಅವ್ವಾರು ಬೇಡವೆಂದು ಹೇಳಿದ ಮಾತನ್ನು. ವರ್ತಕ ನಗರದಲ್ಲಿ ಮೈಕು ಕೆಟ್ಟಿರಲಿಲ್ಲ. ಅವ್ವಾರು ಕೈಸನ್ನೆ ಮಾಡಿ ಬದಿಗೆ ಸರಿಸಿದ್ದರು. ನಾನು ಬಟ್ಟೆಯ ಹಿಂದೆ ಇದ್ದೆ, ಕಾಣಲಿಲ್ಲ. ಮೈಕಿನವರೂ ಕಂಪನಿಯವರೂ ಏನನ್ನೂ ಕತ್ತರಿಸಿರಲಿಲ್ಲ, ಹೇಳಿದ್ದನ್ನು ಕೇಳಿದ್ದರು ಅಷ್ಟೇ.

ಸಾಹೇಬರಿಗೆ ಪುಣೆಗೆ ಫೋನು ಹಚ್ಚಿದೆ.

"ಸಾಹೇಬ್ರ, ಬಾಲದಾಗ ಹಾಡ ಇಲ್ಲ."

"ಇಲ್ಲ."

"ನಿಮಗ ಗೊತ್ತಿತ್ತು."

"ಗೊತ್ತಿರದ ಇರ್ತದೇನೋ? ಎದುರಿಗೆ ಕೂತಾಂವಾ ನಾನ, ಬಟನ್ ಒತ್ತಿದಾಂವಾ ನಾನ."

"ಮತ್ತ ಇಷ್ಟ ವರ್ಷ ನನಗ್ಯಾಕ ಹೇಳಲಿಲ್ಲ?"

ಅತ್ತ ಕುಕ್ಕರಿನ ಸೀಟಿ ಕೇಳಿಸಿತು. ಯಾರೋ ಮೊಮ್ಮಗಳು ಮರಾಠಿಯಲ್ಲಿ ಕೂಗುತ್ತಿದ್ದಳು.

"ಹೇಳಿದ್ರ ಪ್ರತಿ ರವಿವಾರ ಬರ್ತಿದ್ದ್ಯಾ ನೀನು?" ಎಂದರು ಸಾಹೇಬರು.

"ಬರ್ತಿದ್ದೆ."

"ಇಲ್ಲಪಾ. ಯಾರೂ ಬರ್ತಿದ್ದಿಲ್ಲ."

"ನೀವು ಎದುರಿಗೆ ಕುಂತ ಕೇಳೀರಿ. ಹೆಂಗಿತ್ತ್ರೀ ಅದು?"

"ಛಲೋ ಇತ್ತು."

"ಛಲೋ ಅಂದ್ರ?"

"ಛಲೋ ಅಂದ್ರ ಛಲೋ. ಈಗ ಹ್ಯಾಂಗ ಹೇಳಲಿ? ನೀ ಹೋಗಿ ಕೇಳಬೇಕಿತ್ತು. ನಿನ್ನ ಕಲ್ಯಾಣಕ್ಕ ಬಂದಿದ್ರಲ್ಲ ಅವರು."

ನಾನು ಫೋನು ಇಟ್ಟೆ. ಮತ್ತೆ ಮಾಡಿಲ್ಲ. ಅವರೂ ಮಾಡಿಲ್ಲ. ಅವರು ಒಂಟಿಯಾಗಿದ್ದರು, ಅದು ನನಗೆ ತಿಳಿಯುತ್ತದೆ. ಆದರೆ ನನ್ನ ರವಿವಾರಗಳೇನು ಬಿದ್ದು ಸಿಕ್ಕಿದ್ದವೇ? ವಾರವೆಲ್ಲ ಕಬ್ಬಿಣ ಹೊತ್ತವನಿಗೆ ಇದ್ದದ್ದೇ ಅದೊಂದು ದಿನ.

ಹೆಂಡತಿ ಅಡುಗೆಮನೆಯಿಂದ ತಾಟು ತಂದಿಟ್ಟಳು. "ಉಣ್ರಿ. ಇದಕ್ಕ್ಯಾಕ ಇಷ್ಟ ಮಾಡ್ತೀರಿ? ಕಲ್ಯಾಣದಾಗೂ ಹಂಗ ಅಂದಿದ್ರು. ಟೇಪಿನವರಿಗೆಲ್ಲಾ ಬಂದ್ ಮಾಡ್ರಿ ಅಂದ್ರು, ಮೈಕ ಸರಸಿದ್ರು. ನಾ ಬಂದು ಹೇಳಿದ್ನೆಲ್ಲ ನಿಮಗ?"

"ಯಾವಾಗ ಹೇಳಿದ್ದಿ?"

"ಅವತ್ತ. ನೀವು ಗೋಂದ ಹಚ್ಚಿ ಚೀಟಿ ಅಂಟಸ್ತಿದ್ರಿ. ಹ್ಞೂಂ ಅಂದ್ರಿ."

"ಹಂಗಾದ್ರ ನೀ ಕೇಳೀದಿ."

"ಕೇಳೀನಿ. ಮುಂದಿನ ಸಾಲಿನ್ಯಾಗ ಕುಂತಿದ್ದೆ."

"ಹಾಡ ನೋಡೂಣು."

ಅವಳು ನನ್ನ ಮುಖ ನೋಡಿದಳು, ಚೇಷ್ಟೆ ಅಲ್ಲವೆಂದು ತಿಳಿದು ಕೈ ಒರೆಸಿಕೊಂಡು ಕೂತಳು. ಸುರು ಮಾಡಿದಳು. ಎರಡು ಶಬ್ದ ಆಗುತ್ತಲೇ ಅದು ಮೂರನೆಯ ನುಡಿಯ ಧಾಟಿಗೆ ಬಿತ್ತು. ನಿಲ್ಲಿಸಿ ಮತ್ತೆ ಎತ್ತಿದಳು. ಮತ್ತೆ ಅಲ್ಲೇ ಬಿತ್ತು.

"ಬರವಲ್ದರೀ. ಕೇಳಿದಾಗ ಅತ್ತಿದ್ದೆ, ಅಷ್ಟ ನೆನಪೈತಿ. ಮನೀಗೆ ಬಂದ ಮ್ಯಾಲೆ ಒಂದ ನಾಕ ದಿನಾ ತಲ್ಯಾಗ ಇತ್ತು, ಆಮ್ಯಾಲ ಹೋತು." ತಾಟನ್ನು ನನ್ನ ಕಡೆ ಸರಿಸಿ, "ಹೋಗ್ಲಿ ಬಿಡ್ರಿ. ಕೇಳೀನಲ್ಲ," ಎಂದಳು.

ನನ್ನದೂ ಹೋಗಿದೆ. ಇದನ್ನು ನಾನು ಆ ದಿನವೇ ಕಂಡುಕೊಂಡೆ, ಯಾರಿಗೂ ಹೇಳಲಿಲ್ಲ. ವರ್ತಕ ನಗರದಲ್ಲಿ ಕೇಳಿದ್ದನ್ನು ಮನಸ್ಸಿನಲ್ಲಿ ತಂದುಕೊಳ್ಳಲು ಕೂತರೆ ಗುಲಬರ್ಗಾದ್ದು, ಸೊಲ್ಲಾಪುರದ್ದು, ನೆಗಡಿಯದು ಎಲ್ಲ ಮೈಮೇಲೆ ಬರುತ್ತವೆ. ಒಂದೇ ಸಲ ಕೇಳಿ ಬಿಟ್ಟಿದ್ದರೆ ಆ ನುಡಿಯ ಸುತ್ತ ಏನೂ ಬೆಳೆಯುತ್ತಿರಲಿಲ್ಲ, ಹಾಗೇ ಉಳಿಯುತ್ತಿತ್ತೇನೋ. ಬಿಡುಗಡೆಯಾಗದ್ದನ್ನು ಕೂಡಿಸಿದರೆ ಹಾಡಿನ ಸುಖ ಹೆಚ್ಚುತ್ತದೆಯೇ ಎಂದು ಕೇಳುವ ಹುಡುಗರು ಈಗಲೂ ಸಿಗುತ್ತಾರೆ, ಫೋನಿನಲ್ಲಿ ಏನೇನೋ ಇಳಿಸಿಕೊಂಡು ತಿರುಗುತ್ತಾರೆ. ಹೆಚ್ಚುತ್ತದೆ, ನಾನು ಇಲ್ಲವೆನ್ನುವುದಿಲ್ಲ. ಹಾಡುವವರ ಉಸಿರು, ಸಿಟ್ಟು, ಹಸಿವು ಎಲ್ಲ ತಿಳಿಯುತ್ತದೆ. ಆದರೆ ತಿಳಿಯುತ್ತ ಹೋದ ಹಾಗೆ ಕೇಳುವುದು ಕಡಿಮೆಯಾಗುತ್ತದೆ. ಕೂಡಿಸುವವನ ಕೈಯಲ್ಲಿ ಇರುವ ಹಾಡಿಗಿಂತ ಇಲ್ಲದ ಹಾಡೇ ಯಾವಾಗಲೂ ದೊಡ್ಡದು. ಅದಕ್ಕೆ ಅವನು ಎದುರಿಗೆ ಬಂದ ಹಾಡುಗಾರಳನ್ನೂ ಬಿಟ್ಟು ಲೋಕಲ್ ಹತ್ತುತ್ತಾನೆ.

ಅವ್ವಾರ ಮೇಲೂ ನನಗೆ ಸಿಟ್ಟಿದೆ. ಸತ್ತವರ ಮೇಲೆ ಸಿಟ್ಟು ಇರಬಾರದು ಎನ್ನುತ್ತಾರೆ, ಆದರೂ ಇದೆ. ಕೂತು ಕೇಳುವುದು ಎಂದರಲ್ಲ ಅವರು, ಕೂಡಲಿಕ್ಕೆ ಎಲ್ಲರಿಗೂ ಪುರುಸೊತ್ತು ಎಲ್ಲಿದೆ? ಸೋಫಾದ ಮೇಲೆ ಕೂತವರು ಊರೂರಿಗೆ ಹೋಗಿ ಅವರೆದುರು ಕೂತು ಆ ನುಡಿ ಕೇಳಿ, ಛಲೋ ಇತ್ತು ಎಂದು ಮರೆತರು. ಟ್ರೇಲರುಗಳ ನಡುವೆ ಸಿಕ್ಕಿ ಕೂತವನಿಗೆ ಡಬ್ಬಿಯ ಹೊರತು ಬೇರೆ ಸಭಾಗೃಹ ಇರಲಿಲ್ಲ. ಅವನಿಗೆ ಬಾಗಿಲು ಹಾಕಿದರು. ಕಲ್ಯಾಣದಲ್ಲಿ ಒಮ್ಮೆ ಆ ಬಾಗಿಲು ತೆರೆದೇ ಇತ್ತು, ನಡೆದು ಹೋಗುವಷ್ಟು ಹತ್ತಿರ, ಅದೂ ಖರೆ. ಎರಡೂ ಖರೆ. ಎರಡನ್ನೂ ಒಟ್ಟಿಗೆ ನುಂಗಲು ಆಗುವುದಿಲ್ಲ.

ಮಗಳು ಮೂಲಗಳನ್ನೆಲ್ಲ ಪೆನ್ ಡ್ರೈವಿಗೆ ಹಾಕಿಕೊಟ್ಟಿದ್ದಾಳೆ. ನೆಟ್ಟಿನಲ್ಲಿ ಬಿಡಲೇ ಎಂದು ಕೇಳಿದಳು. ಬಿಡು ಎಂದೆ, ಪೂರಾ ಬಿಡು, ಬಂದ್ ಮಾಡ್ರಿ ಎನ್ನುವ ಮಾತಿನ ಸಮೇತ. ಇನ್ನೊಬ್ಬ ಯಾವನೂ ನಾಲ್ಕನೆಯ ನುಡಿಗೆಂದು ಯಾರದೋ ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂಡುವುದು ಬೇಡ. ಹಾಕಿದ್ದಾಳೆ. ಕೇಳಿದವರು ಬಹಳ ಇಲ್ಲ.

ಈಗ ನನ್ನ ಹತ್ತಿರ ಇರುವುದು ಇಷ್ಟು. ಟೆಂಪೋ ಎರಡು, ಎರಡರಲ್ಲೂ ಕ್ಯಾಸೆಟ್ಟು ಹಾಕುವ ಟೇಪಿಲ್ಲ. ಕಬ್ಬಿಣದ ಕಪಾಟು ಒಂದು. ಕ್ಯಾಸೆಟ್ಟು ನಾನೂರ ಹದಿನಾರು. ಅವುಗಳಲ್ಲಿ ಬಾಡಿಗೆಯ ಮನೆಯ ಪದ ಇರುವುದು ಇಪ್ಪತ್ತಮೂರರಲ್ಲಿ. ಮಷಿನ್ ಬಂದ್ ಮಾಡಿ ಎಂಬ ಮಾತು ಇರುವುದು ಒಂಬತ್ತರಲ್ಲಿ. ನಾಲ್ಕನೆಯ ನುಡಿ ಇರುವುದು ಒಂದೂ ಇಲ್ಲ.